ನಮ್ಮ ಮನೆಯ ಹುಡುಗಿಗೆ ಸಾಲ

ಹಾಸಿಗೆ ಮಾರುವವನು ಹೆಚ್ಚು ಸುಳ್ಳು ಹೇಳಬೇಕಾಗಿಲ್ಲ, ಮಲಗಿ ತೋರಿಸಿದರೆ ಸಾಕು. ನಮ್ಮ ಹಾಸಿಗೆಯಪ್ಪನವರು ಬಹಳ ವರ್ಷಗಳಿಂದ ಮಾಡಿಕೊಂಡು ಬಂದದ್ದು ಅದನ್ನೇ. ಗಿರಾಕಿ ಒಳಗೆ ಬಂದು ಬೆಲೆ ಕೇಳುವಷ್ಟರಲ್ಲಿ ಅವರು ಚಪ್ಪಲಿ ಕಳಚಿ, ಅಂಗಾತ ಮಲಗಿ, ಕಣ್ಣು ಮುಚ್ಚಿಬಿಟ್ಟಿರುತ್ತಿದ್ದರು. ಒಮ್ಮೆ ಹಾಗೇ ನಿದ್ದೆ ಹತ್ತಿ ಗೊರಕೆ ಹೊಡೆದರು. ಎಬ್ಬಿಸಲು ಹೋದ ಕೆಲಸದವನನ್ನು ಮಾಲೀಕರು ಕಣ್ಸನ್ನೆಯಲ್ಲೇ ತಡೆದರು, ಆ ಗೊರಕೆಯ ಬಲದಿಂದ ಎರಡು ಜೋಡಿ ಹಾಸಿಗೆ ಮಾರಾಟವಾದವು. ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡಿಕೊಂಡಿದೆ.

ಇಂಥ ವೃತ್ತಿಯವರಿಗೆ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬುದು ಬರೀ ಗಾದೆಯಲ್ಲ, ಅಳತೆಯ ಟೇಪು. ಹಾಸಿಗೆಯಪ್ಪನವರು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಸಾಲ ಮಾಡಿದವರಲ್ಲ. ತಂದೆ ಬಿಟ್ಟುಹೋದ ಸಣ್ಣ ಮನೆ, ಮಕ್ಕಳಿಲ್ಲ, ದೊಡ್ಡ ಖರ್ಚೂ ಇಲ್ಲ. ಹೆಂಡತಿಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ. ಬಂದವರ ಹೆಸರು ಬರೆದುಕೊಂಡು, ಕೂರಿಸಿ, ಸರದಿ ಬಂದಾಗ ಕರೆಯಬೇಕು. ಇಬ್ಬರ ಸಂಬಳವೂ ಸೇರಿ ಬದುಕು ಏರಿಳಿತವಿಲ್ಲದೆ, ಹೊಸ ಹಾಸಿಗೆಯ ಹಾಗೆ ಸಮವಾಗಿ ಸಾಗುತ್ತಿತ್ತು.

ಅಂಥ ಸಮತಟ್ಟಾದ ಒಂದು ಸಂಜೆ ಊಟಕ್ಕೆ ಕೂತಾಗ ಹೆಂಡತಿ ಹೇಳಿದರು:

"ಸಂಜೆ ಕಾಲೇಜಲ್ಲಿ ನನಗೆ ಸೀಟು ಸಿಕ್ಕಿದೆ. ಸಮಾಜಶಾಸ್ತ್ರ."

ಹಾಸಿಗೆಯಪ್ಪನವರು ಕಾಲೇಜಿನಲ್ಲಿ ಕೂರುವ ಸೀಟು ಎಂದು ತಿಳಿದು, ಯಾವ ಕಾರ್ಯಕ್ರಮ ಎಂದು ಕೇಳಿದರು. ಕಾರ್ಯಕ್ರಮವಲ್ಲ, ಮೂರು ವರ್ಷದ ಪದವಿ ಎಂದು ಆಕೆ ಬಿಡಿಸಿ ಹೇಳಿದರು. ಆಮೇಲೆ ಕಾರಣವನ್ನೂ ಹೇಳಿದರು. ಕ್ಲಿನಿಕ್ಕಿಗೆ ಬರುವವರಲ್ಲಿ ಕೆಲವರು ಬಂದವರೇ ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳುತ್ತಾರೆ. ಇನ್ನು ಕೆಲವರು ಬಾಗಿಲಲ್ಲೇ ನಿಂತು, ತಪ್ಪು ತಿಳಿಯಬೇಡಿ ಎಂದು ಶುರುಮಾಡಿ, ಆಮೇಲೆ ಹಲ್ಲುನೋವು ಎನ್ನುತ್ತಾರೆ. ನೋವು ಇಬ್ಬರಿಗೂ ಒಂದೇ, ದುಡ್ಡೂ ಒಂದೇ. ಹಾಗಿರುವಾಗ ಒಬ್ಬರು ಮಾತ್ರ ಯಾಕೆ ಕ್ಷಮೆ ಕೇಳಿಕೊಂಡು ಒಳಗೆ ಬರಬೇಕು? ಇದನ್ನು ಆಕೆ ಡಾಕ್ಟರನ್ನೇ ಕೇಳಿದ್ದರು. ಡಾಕ್ಟರು ಸ್ವಲ್ಪ ಯೋಚಿಸಿ, ಅದು ಹಲ್ಲಿಗೆ ಸಂಬಂಧಪಟ್ಟದ್ದಲ್ಲ ಎಂದುಬಿಟ್ಟಿದ್ದರು. ಹಾಗಾದರೆ ಯಾವುದಕ್ಕೆ ಸಂಬಂಧಪಟ್ಟದ್ದೋ ಅದನ್ನೇ ಓದುತ್ತೇನೆ ಎಂದು ಆಕೆ ಅರ್ಜಿ ಹಾಕಿದ್ದರು.

ಶುಲ್ಕಕ್ಕೆ ಬ್ಯಾಂಕಿನ ಸಾಲ ಬೇಕಾಗುತ್ತದೆ, ಒಮ್ಮೆ ಹೋಗಿ ವಿಚಾರಿಸಿಕೊಂಡು ಬನ್ನಿ ಎಂದು ಗಂಡನಿಗೆ ಹೇಳಿ ಆಕೆ ತಟ್ಟೆ ಎತ್ತಿದರು. ಹಾಸಿಗೆಯಪ್ಪನವರ ಹಸಿವು ತಟ್ಟೆಗಿಂತ ಮೊದಲೇ ಎದ್ದುಹೋಗಿತ್ತು.

ಅವರು ಕೆಟ್ಟವರಲ್ಲ, ಲೆಕ್ಕದವರು. ಕೊಳ್ಳುವ ಮುಂಚೆ ವಸ್ತು ಎಷ್ಟು ಬಾಳುತ್ತದೆ ಎಂದು ಕೇಳುವುದು ಅವರ ಧರ್ಮ. ಹೆಂಡತಿಗೆ ಈಗ ನಲವತ್ತೆಂಟು. ಓದು ಮುಗಿದ ಮೇಲೆ ದುಡಿಯಲು ಉಳಿಯುವ ವರ್ಷಗಳೆಷ್ಟು, ಸಮಾಜಶಾಸ್ತ್ರ ಓದಿದವರಿಗೆ ಸಂಬಳವೆಷ್ಟು, ಸಾಲ ತೀರುವುದು ಯಾವಾಗ? ಮೊದಲನೆಯದು ಗೊತ್ತಿತ್ತು. ಎರಡನೆಯದನ್ನು ಯಾರಾದರೂ ಹೇಳಬೇಕಿತ್ತು. ಮರುದಿನದಿಂದ ಅವರು ಗಿರಾಕಿಗಳನ್ನು ಮಲಗಿಸಿ ಕೇಳತೊಡಗಿದರು. ನಿಂತವನು ಸಂಬಳದ ವಿಷಯದಲ್ಲಿ ಸುಳ್ಳು ಹೇಳಬಹುದು, ಮೆತ್ತನೆ ಹಾಸಿಗೆಯ ಮೇಲೆ ಮಲಗಿದವನು ಹೇಳಲಾರ ಎಂಬುದು ಅವರ ಅನುಭವ. ಒಬ್ಬರು ತಮ್ಮ ಭಾವಮೈದುನ ಅದನ್ನೇ ಓದಿ ಈಗ ವಿಮೆ ಮಾರುತ್ತಾನೆ ಎಂದರು. ಇನ್ನೊಬ್ಬರು, ಓದಿದ್ದು ಅದೇ, ಮಾಡೋದು ಕಾರಿನ ಟೈರಿನ ವ್ಯಾಪಾರ ಎಂದು ತಮ್ಮನ್ನೇ ತೋರಿಸಿಕೊಂಡರು. ಒಬ್ಬ ತಾಯಿ, ತನ್ನ ಮಗಳು ಓದಿ ಅನಾಥ ಮುದುಕರನ್ನು ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿದ್ದಾಳೆ, ಸಂಬಳ ಕೈಗೆ ಬಂದರೆ ಬಾಯಿಗಿಲ್ಲ, ಆದರೆ ರಾತ್ರಿ ಒಳ್ಳೆ ನಿದ್ದೆ ಮಾಡುತ್ತಾಳೆ ಎಂದರು. ಯಾವ ಕಂಪನಿಯ ಹಾಸಿಗೆ ಎಂದು ಹಾಸಿಗೆಯಪ್ಪನವರು ಅಭ್ಯಾಸಬಲದಿಂದ ಕೇಳಿದರು.

ಈ ಸಂಶೋಧನೆ ಮಾಲೀಕರ ಕಿವಿಗೆ ಬಿತ್ತು. ಯಾರು ಓದುತ್ತಿರುವುದು ಎಂದು ಅವರು ಗಲ್ಲಾದಿಂದಲೇ ಕೂಗಿ ಕೇಳಿದರು. ಅಂಗಡಿಯಲ್ಲಿ ನಾಲ್ಕು ಜನರಿದ್ದರು. ಹೆಂಡತಿ ಎಂದರೆ ಈ ನಾಲ್ಕು ಜನ ನಗುತ್ತಾರೆ, ಮಾಲೀಕರಂತೂ ವರ್ಷವಿಡೀ ನಗುತ್ತಾರೆ ಎಂದು ಹಾಸಿಗೆಯಪ್ಪನವರಿಗೆ ಒಂದು ಕ್ಷಣದಲ್ಲಿ ಕಂಡುಹೋಯಿತು.

"ನಮ್ಮ ಮನೆ ಹುಡುಗಿ," ಎಂದರು.

ಇದು ಸುಳ್ಳಲ್ಲ ಎಂದು ಬ್ಯಾಂಕಿಗೆ ಹೋಗುವ ದಾರಿಯುದ್ದಕ್ಕೂ ತಮಗೆ ತಾವೇ ವಾದಿಸಿಕೊಂಡರು. ಆಕೆ ಇರುವುದು ನಮ್ಮ ಮನೆಯಲ್ಲೇ. ಒಂದು ಕಾಲದಲ್ಲಿ ಹುಡುಗಿಯೂ ಆಗಿದ್ದಳು. ಎರಡನ್ನೂ ಜೊತೆಗೆ ಹೇಳಿದರೆ ತಪ್ಪೇನು?

ತಪ್ಪೇನು ಎಂಬುದು ಬ್ಯಾಂಕಿನಲ್ಲಿ ತಿಳಿಯತೊಡಗಿತು. ಸಾಲದ ಮೇಜಿನಲ್ಲಿ ಕನ್ನಡಕ ಹಾಕಿಕೊಂಡ ಒಬ್ಬ ಅಧಿಕಾರಿಣಿ ಇದ್ದರು, ವಯಸ್ಸು ಚಿಕ್ಕದು, ಮಾತು ನಯ. ಹೆಂಡತಿ ಕೊಟ್ಟಿದ್ದ ಕಾಗದಗಳು ಹಾಸಿಗೆಯಪ್ಪನವರ ಚೀಲದಲ್ಲೇ ಇದ್ದವು. ಆದರೆ ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ಬರೀ ವಿಚಾರಿಸೋಕೆ ಬಂದೆ, ನಮ್ಮ ಮನೆ ಹುಡುಗಿಗೆ ಎಂದು ಅವರು ಸಣ್ಣ ದನಿಯಲ್ಲಿ ಶುರುಮಾಡಿದರು.

"ಹುಡುಗಿಗೆ ಹದಿನೆಂಟು ತುಂಬಿದೆಯಾ?"

"ತುಂಬಿದೆ."

"ತುಂಬಿ ಎಷ್ಟು ದಿನ ಆಯ್ತು?"

"ಸ್ವಲ್ಪ ಆಯ್ತು."

ಸಮಾಜಶಾಸ್ತ್ರಕ್ಕೆ ಶುರುವಿನಲ್ಲಿ ಸಂಬಳ ಕಡಿಮೆ, ಆದರೆ ಹೆದರಬೇಕಾಗಿಲ್ಲ ಎಂದು ಅಧಿಕಾರಿಣಿ ಧೈರ್ಯ ತುಂಬಿದರು. ಚಿಕ್ಕ ವಯಸ್ಸು, ಮುಂದೆ ನಲವತ್ತು ವರ್ಷ ದುಡಿಯುತ್ತಾಳೆ, ಸಾಲ ತೀರಿದ್ದೇ ತಿಳಿಯುವುದಿಲ್ಲ. ಹಾಸಿಗೆಯಪ್ಪನವರು ಮನಸ್ಸಿನಲ್ಲೇ ನಲವತ್ತೆಂಟಕ್ಕೆ ನಲವತ್ತು ಕೂಡಿಸಿದರು. ಎಂಬತ್ತೆಂಟನೆಯ ವಯಸ್ಸಿನಲ್ಲಿ ಬೊಚ್ಚುಬಾಯಿಯ ಹೆಂಡತಿ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೂತು ಸರದಿ ಕರೆಯುತ್ತಿರುವ ಚಿತ್ರ ಅವರ ಕಣ್ಮುಂದೆ ಬಂತು.

"ಇನ್ನೊಂದು ವಿಷಯ ಸರ್. ಓದಿನ ಮಧ್ಯೆ ಮದುವೆ ಮಾಡಿಬಿಟ್ಟರೆ ಎಷ್ಟೋ ಸಲ ಕಂತು ನಿಂತುಹೋಗುತ್ತೆ. ಆ ಯೋಚನೆ ಏನಾದರೂ ಇದೆಯಾ?"

"ಇಲ್ಲ ಮೇಡಂ. ಅದೆಲ್ಲ ಆಗಿ ಮುಗಿದಿದೆ."

ಅಧಿಕಾರಿಣಿಯ ಪೆನ್ನು ನಿಂತಿತು. ಅಷ್ಟು ಬೇಗನಾ ಎಂದು ಮೆಲ್ಲಗೆ ಕೇಳಿ, ಹುಡುಗಿ ಈಗ ನಿಮ್ಮ ಹತ್ತಿರವೇ ಇದ್ದಾಳಾ ಎಂದರು. ನನ್ನ ಹತ್ತಿರವೇ ಎಂದರು ಹಾಸಿಗೆಯಪ್ಪನವರು.

"ಗಂಡ ಎಂಥವನು ಸರ್?"

ಆ ಕಡೆಯ ಪರವಾಗಿಯೂ ಒಂದು ಮಾತು ಇರಲಿ ಎಂದು ಹಾಸಿಗೆಯಪ್ಪನವರು ಹೇಳಿದರು: "ಅಂಥಾ ಕೆಟ್ಟವನೇನಲ್ಲ ಮೇಡಂ. ಸ್ವಲ್ಪ ಮುಗ್ಧ."

ನಿಮ್ಮಂಥವರು ಅಪರೂಪ ಎಂದು ಅಧಿಕಾರಿಣಿ ಕನ್ನಡಕ ತೆಗೆದು ಒರೆಸಿಕೊಂಡರು. ಶನಿವಾರ ಮಧ್ಯಾಹ್ನ ತಾವೇ ಮನೆಗೆ ಬಂದು ಹುಡುಗಿಯನ್ನೂ ಕಾಗದಗಳನ್ನೂ ನೋಡುವುದಾಗಿ ಹೇಳಿದರು. ಬೇಡ ಎನ್ನಲು ಹಾಸಿಗೆಯಪ್ಪನವರಿಗೆ ಕಾರಣ ಹೊಳೆಯಲಿಲ್ಲ.

ಎದ್ದು ತಿರುಗಿದರೆ ಹಿಂದೆಯೇ ನಿಂತಿದ್ದವರು ಮೇಲಿನ ಮನೆಯಮ್ಮ. ಹಾಸಿಗೆಯಪ್ಪನವರಿದ್ದ ಕಟ್ಟಡದಲ್ಲೇ ಒಂದು ಮಹಡಿ ಮೇಲೆ ಒಬ್ಬರೇ ಇರುವ ವಿಧವೆ. ಒಳ್ಳೆಯ ಹೆಂಗಸು, ಒಂದೇ ತೊಂದರೆ ಎಂದರೆ ಅವರ ಕಿವಿಗೂ ಬಾಯಿಗೂ ನಡುವೆ ಬಾಗಿಲಿರಲಿಲ್ಲ. ಆಕೆ ಹಾಸಿಗೆಯಪ್ಪನವರನ್ನು ನೋಡಿ ತಲೆಯಾಡಿಸಿದರು. ಆ ತಲೆಯಾಟದಲ್ಲಿ ಆಗಲೇ ಅರ್ಧ ಕಥೆ ಸಿದ್ಧವಾಗಿತ್ತು.

ಮೂರು ದಿನದಲ್ಲಿ ಬೀದಿಗೆಲ್ಲ ಗೊತ್ತಾಯಿತು: ಹಾಸಿಗೆಯಪ್ಪನವರು ಯಾರೋ ದಿಕ್ಕಿಲ್ಲದ ಹುಡುಗಿಯನ್ನು ಮನೆಗೆ ಸೇರಿಸಿಕೊಂಡಿದ್ದಾರೆ, ಮದುವೆ ಮುರಿದು ಬಿದ್ದಿದೆ, ಪಾಪ, ಓದಿಸುತ್ತಿದ್ದಾರೆ, ನಾಚಿಕೆಯಿಂದ ಹುಡುಗಿ ಹೊರಗೆ ಮುಖ ತೋರಿಸುತ್ತಿಲ್ಲ. ಹೊರಗೆ ಕಾಣದ ಹುಡುಗಿಯ ಗುಣಗಳು ದಿನದಿನಕ್ಕೂ ಹೆಚ್ಚಿದವು. ಇಸ್ತ್ರಿ ಅಂಗಡಿಯವನು ಅವಳನ್ನು ಕಿಟಕಿಯಲ್ಲಿ ನೋಡಿದ್ದೆ, ಬಹಳ ಸಾಧು ಎಂದು ಹೇಳಿಕೊಂಡು ತಿರುಗಿದ.

ಹೆಂಡತಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಆದರೆ ಒಂದು ಸಂಜೆ ಆಕೆ ಹೊಳೆಯುವ ಮುಖದಲ್ಲಿ ಮನೆಗೆ ಬಂದರು. ಮೇಲಿನ ಮನೆಯಮ್ಮ ಮೆಟ್ಟಿಲ ಹತ್ತಿರ ತಡೆದು ಎರಡೂ ಕೈ ಹಿಡಿದುಕೊಂಡರಂತೆ. ಈ ವಯಸ್ಸಿನಲ್ಲಿ ಇಂಥದ್ದಕ್ಕೆ ಕೈ ಹಾಕಲು ಧೈರ್ಯ ಬೇಕು, ನಾವೆಲ್ಲ ನಿಮ್ಮ ಜೊತೆಗಿದ್ದೇವೆ ಎಂದರಂತೆ. ಇಸ್ತ್ರಿಯವನೂ ಒಳ್ಳೇದಾಗಲಿ ಅಂದನಂತೆ.

"ಎಲ್ಲರೂ ನಗ್ತಾರೆ ಅಂತ ಹೆದರಿಕೊಂಡಿದ್ದೆ ರೀ," ಎಂದರು ಆಕೆ. "ಒಬ್ಬರೂ ನಗಲಿಲ್ಲ. ಜನರನ್ನ ನಾವೇ ತಪ್ಪು ತಿಳ್ಕೊಂಡಿರ್ತೀವಿ ನೋಡಿ."

ಹಾಸಿಗೆಯಪ್ಪನವರ ಗಂಟಲಿನಲ್ಲಿ ತುತ್ತು ಸಿಕ್ಕಿಕೊಂಡಿತು. ಹೆಂಡತಿ ಬೆನ್ನು ತಟ್ಟಿ ನೀರು ಕುಡಿಸಿದರು. ಆ ಹೊತ್ತಿಗೇ ಹೇಳಿಬಿಡಬಹುದಿತ್ತು. ಆದರೆ ಅಷ್ಟು ಸಂತೋಷವಾಗಿದ್ದ ಮುಖ ಅವರು ನೋಡಿ ಬಹಳ ಕಾಲವಾಗಿತ್ತು. ಅದನ್ನು ಆರಿಸುವ ಕೆಲಸವನ್ನು ನಾಳೆಗೆ ಮುಂದೂಡಿದರು. ಮರುದಿನ ಆಕೆ ಓದಲು ಅನುಕೂಲವಾಗಲೆಂದು ಕನ್ನಡಕದ ಗಾಜು ಬದಲಾಯಿಸಿಕೊಂಡು ಬಂದರು. ಅವತ್ತೂ ಹೇಳಲಾಗಲಿಲ್ಲ.

ಶನಿವಾರ ಬೆಳಿಗ್ಗೆಯೇ ಹಾಸಿಗೆಯಪ್ಪನವರ ಅಕ್ಕ ಒಂದು ದೊಡ್ಡ ಚೀಲ ಹಿಡಿದುಕೊಂಡು ಬಂದಿಳಿದರು. ತಮ್ಮನಿಗೆ ಮಕ್ಕಳಿಲ್ಲದ ಮೇಲೆ ಮನೆ ಮುಂದೆ ತನ್ನ ಮಗನಿಗೇ ಎಂದು ಅಕ್ಕ ಮನಸ್ಸಿನಲ್ಲಿ ಎಂದೋ ಬರೆದುಕೊಂಡಿದ್ದರು, ಯಾವ ಕೋಣೆಗೆ ಯಾವ ಬಣ್ಣ ಎಂಬುದೂ ತೀರ್ಮಾನವಾಗಿತ್ತು. ಅಷ್ಟರಲ್ಲಿ ಮೇಲಿನ ಮನೆಯಮ್ಮ ಅವರಿಗೆ ಫೋನ್ ಮಾಡಿ, ಹೊಸ ಹುಡುಗಿಯ ಹಿನ್ನೆಲೆ ಹೇಗೆ ಎಂದು ವಿಚಾರಿಸಿದ್ದರು. ಅಕ್ಕನಿಗೆ ಅವತ್ತಿನಿಂದ ನಿದ್ದೆಯಿಲ್ಲ.

ಬಂದವರೇ ಒಳಕೋಣೆ ನೋಡಿದರು, ಅಡುಗೆಮನೆ ನೋಡಿದರು, ಬಚ್ಚಲಿನ ಬಾಗಿಲು ತಟ್ಟಿ ಕಾದು ನೋಡಿದರು.

"ಎಲ್ಲಿಟ್ಟಿದ್ದೀಯೋ ಅವಳನ್ನ?"

"ಯಾರನ್ನ ಅಕ್ಕಾ?"

"ನನ್ನ ಹತ್ರ ಆಟ ಆಡಬೇಡ. ನೀನು ಸುಳ್ಳು ಹೇಳೋವಾಗ ಎಡಗಿವಿ ಕೆರಕೊಳ್ತೀಯ, ಮೂರು ವರ್ಷದವನಿದ್ದಾಗಿಂದ ನೋಡಿದ್ದೀನಿ."

ಹಾಸಿಗೆಯಪ್ಪನವರು ಕಿವಿಯಿಂದ ಕೈ ತೆಗೆದರು. ಬಾಯಿ ತೆರೆಯುವಷ್ಟರಲ್ಲಿ ಮೇಲಿನ ಮನೆಯಮ್ಮ ಬಂದರು, ಹಿಂದೆ ಒಬ್ಬ ಎತ್ತರದ, ಸಂಕೋಚದ ಮನುಷ್ಯ. ತಮ್ಮ ಅಣ್ಣನ ಮಗ, ಸಾರಿಗೆ ಕಚೇರಿಯಲ್ಲಿ ಒಳ್ಳೆ ಕೆಲಸ, ಇವನದೂ ಮೊದಲನೇದು ಮುರಿದಿದೆ, ಸುಮ್ಮನೆ ಪರಿಚಯ ಆಗಲಿ ಅಂತ ಕರೆದುಕೊಂಡು ಬಂದೆ ಎಂದರು. ಅವರನ್ನು ಕೂರಿಸುವ ಮೊದಲೇ ಬ್ಯಾಂಕಿನ ಅಧಿಕಾರಿಣಿ ಬಂದರು. ಮನೆಯಲ್ಲಿದ್ದ ಕುರ್ಚಿಗಳು ಮುಗಿದವು. ಎಲ್ಲರೂ ಒಳಕೋಣೆಯ ಪರದೆಯನ್ನೇ ನೋಡುತ್ತಾ ಕೂತರು. ಗಾಳಿಗೆ ಪರದೆ ಅಲುಗಿದಾಗ ಅಣ್ಣನ ಮಗ ಕಾಲರ್ ಸರಿಮಾಡಿಕೊಂಡ. ಹುಡುಗಿ ಹೊರಗೆ ಹೋಗಿದ್ದಾಳೆ, ಈಗ ಬರುತ್ತಾಳೆ ಎಂದು ಹಾಸಿಗೆಯಪ್ಪನವರು ಹೇಳಿದರು. ಅವರ ಆ ವಾರದ ಮಾತುಗಳಲ್ಲಿ ನಿಜಕ್ಕೆ ತೀರ ಹತ್ತಿರವಾದ ಮಾತು ಇದೇ.

ಬಾಗಿಲು ತೆರೆಯಿತು. ಅರ್ಧ ದಿನದ ಕೆಲಸ ಮುಗಿಸಿದ ಹೆಂಡತಿ, ತರಕಾರಿ ಚೀಲ ಹಿಡಿದು, ಹೊಸ ಗಾಜಿನ ಕನ್ನಡಕದಲ್ಲಿ ಒಳಗೆ ಬಂದರು. ಎಲ್ಲರೂ ಅವರನ್ನು ನೋಡಿ, ಅವರ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದರು.

ಅಧಿಕಾರಿಣಿ ಎದ್ದು ನಮಸ್ಕಾರ ಮಾಡಿ, ಅಮ್ಮಾ, ಹುಡುಗಿಯ ಸಹಿ ಬೇಕಿತ್ತು, ಕರೀತೀರಾ ಎಂದರು.

"ಯಾವ ಹುಡುಗಿ?"

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಹಾಸಿಗೆಯಪ್ಪನವರ ಕಡೆ ತಿರುಗಿದರು. ಮಲಗಿಬಿಡೋಣ ಎಂದರೆ ಆ ಮನೆಯಲ್ಲಿ ಆ ಹೊತ್ತಿಗೆ ಕೂರಲೂ ಜಾಗವಿರಲಿಲ್ಲ.

"ಇವಳೇ," ಎಂದರು ಅವರು. "ಓದೋದು ಇವಳೇ. ಬೇರೆ ಯಾರೂ ಇಲ್ಲ."

ಮೊದಲು ಅಣ್ಣನ ಮಗ ಎದ್ದು ನಿಂತು, ತನ್ನದು ತಪ್ಪೇನೂ ಇಲ್ಲದಿದ್ದರೂ ಕೈ ಮುಗಿದ. ಮೇಲಿನ ಮನೆಯಮ್ಮ, ಹಾಗಾದರೆ ಇಸ್ತ್ರಿಯವನು ಕಿಟಕಿಯಲ್ಲಿ ನೋಡಿದ್ದು ಯಾರನ್ನ ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಅಕ್ಕ, ಸದ್ಯ, ಹುಡುಗಿ ಇಲ್ಲವಲ್ಲ ಎಂದು ಎದೆಯ ಮೇಲೆ ಕೈ ಇಟ್ಟುಕೊಂಡು ನಕ್ಕರು. ಆ ನಗು ಅಂಟುರೋಗದ ಹಾಗೆ ಮೇಲಿನ ಮನೆಯಮ್ಮನಿಗೂ ಹತ್ತಿತು. ನಗದಿದ್ದವರು ನಾಲ್ವರು. ಹೆಂಡತಿ ತರಕಾರಿ ಚೀಲವನ್ನು ನೆಲಕ್ಕಿಟ್ಟು, ನಗು ಮುಗಿಯುವ ತನಕ ನಿಂತಿದ್ದರು.

"ಯಾರೂ ನೋಡದೆ ಇರೋ ಹುಡುಗಿಯನ್ನ ಎಲ್ಲರೂ ನಂಬಿದ್ರಿ," ಎಂದರು ಆಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳುವಂತಿತ್ತು. "ನಾನು ದಿನಾ ಇದೇ ಮೆಟ್ಟಿಲು ಹತ್ತಿ ಇಳಿದಿದ್ದೀನಿ. ಓದೋದು ನಾನಿರಬಹುದು ಅಂತ ಒಬ್ಬರಿಗೂ ಹೊಳೀಲಿಲ್ಲ. ಯಾಕೆ?"

ಮೆಟ್ಟಿಲ ಹತ್ತಿರ ಹಿಡಿದ ಕೈ ನೆನಪಾಗಿ ಮೇಲಿನ ಮನೆಯಮ್ಮ ನೆಲ ನೋಡಿದರು.

ಅಧಿಕಾರಿಣಿ ಕಾಗದಗಳನ್ನು ಮುಂದಿಟ್ಟುಕೊಂಡು, ನಿಮ್ಮ ಹತ್ತಿರ ಸುಳ್ಳು ಹೇಳಲಾರೆ ಅಮ್ಮಾ ಎಂದು ಶುರುಮಾಡಿದರು. ಚಿಕ್ಕವರ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ. ಪದವಿ ಬಂದ ಮೇಲೆ ಸಂಬಳ ಇಷ್ಟು ಹೆಚ್ಚುತ್ತದೆ ಎಂದಿದ್ದರೆ ಆ ಹೆಚ್ಚಿದ್ದರಲ್ಲಿ ಕಂತು ಕಟ್ಟಬಹುದು. ಸಮಾಜಶಾಸ್ತ್ರ ಓದಿದರೆಂದು ಹಲ್ಲಿನ ಡಾಕ್ಟರು ಸಂಬಳ ಏರಿಸುತ್ತಾರಾ? ಇಲ್ಲ. ಹೊಸ ಕೆಲಸ ಸಿಕ್ಕರೂ ಅದು ಇದಕ್ಕಿಂತ ಕಡಿಮೆಯದೇ ಇರಬಹುದು. ಹಾಕಿದ ದುಡ್ಡು ವಾಪಸು ಬರುವುದಿಲ್ಲ.

ಗೊತ್ತು ಎಂದರು ಹೆಂಡತಿ. ಈ ಲೆಕ್ಕವನ್ನು ತಾನು ಅರ್ಜಿ ಹಾಕುವ ಮೊದಲೇ ಮಾಡಿದ್ದೆ, ಅದಕ್ಕೇ ಹಲವು ವರ್ಷದಿಂದ ಕೂಡಿಟ್ಟು ಶುಲ್ಕದ ಹೆಚ್ಚಿನ ಪಾಲು ಹೊಂದಿಸಿಕೊಂಡಿದ್ದೇನೆ, ಉಳಿದ ಸ್ವಲ್ಪಕ್ಕೆ ಮಾತ್ರ ಸಾಲ, ಈಗಿನ ಸಂಬಳದಲ್ಲೇ ತೀರಿಸುತ್ತೇನೆ, ಒಪ್ಪಿಗೆಯಾದರೆ ಸೋಮವಾರ ಬರುತ್ತೇನೆ ಎಂದರು. ಸಾಲದ ಮೊತ್ತ ಕೇಳಿ ಅಧಿಕಾರಿಣಿ, ಇಷ್ಟೇನಾ ಎಂದರು. ಇಷ್ಟಕ್ಕೆ ಹಾಸಿಗೆಯಪ್ಪನವರು ಒಂದು ವಾರ ಎಂಬತ್ತೆಂಟರವರೆಗೆ ಎಣಿಸಿದ್ದರು. ಎಷ್ಟು ಸಾಲ ಎಂದು ಹೆಂಡತಿಯನ್ನು ಕೇಳುವುದೊಂದು ಬಿಟ್ಟು ಇಡೀ ಊರನ್ನು ಕೇಳಿದ್ದರು.

ಎಲ್ಲರೂ ಹೋದ ಮೇಲೆ ಮನೆಯಲ್ಲಿ ಮಾತು ನಿಂತಿತು. ಹೆಂಡತಿ ಜಗಳವಾಡಲಿಲ್ಲ. ಊಟ ಇಟ್ಟಿದೆ, ನೀರು ಬಂದಿದೆ ಎಂದು ಗೋಡೆಗೆ ಹೇಳಿದರು. ಭಾನುವಾರ ಹಾಸಿಗೆಯಪ್ಪನವರು ತಡೆಯಲಾರದೆ, ಬ್ಯಾಂಕಿಗೆ ನನ್ನನ್ನು ಯಾಕೆ ಕಳಿಸಿದೆ, ನೀನೇ ಎಲ್ಲ ಮಾಡಿಕೊಂಡಿದ್ದೆಯಲ್ಲ ಎಂದು ಕೇಳಿದರು.

"ನನ್ನ ಹೆಂಡತಿ ಓದ್ತಾಳೆ ಅಂತ ನಿಮ್ಮ ಬಾಯಲ್ಲಿ ಒಂದು ಸಲ ಹೊರಗೆ ಬರಲಿ ಅಂತ," ಎಂದರು ಆಕೆ. ಅಷ್ಟು ಹೇಳಿ ಒಗೆದ ಬಟ್ಟೆ ಹರವಲು ಹೋದರು.

ಸೋಮವಾರ ಹಾಸಿಗೆಯಪ್ಪನವರು ಮಾಲೀಕರ ಎದುರು ನಿಂತು ಅರ್ಧ ದಿನ ರಜೆ ಕೇಳಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಹುಡುಗಿಯ ಸಾಲಕ್ಕಾ ಎಂದು ಮಾಲೀಕರು ಕೇಳಿದರು.

"ಹುಡುಗಿ ಇಲ್ಲ. ಓದೋದು ನನ್ನ ಹೆಂಡತಿ."

ಮಾಲೀಕರು ನಕ್ಕರು. ಹಾಸಿಗೆಯಪ್ಪನವರು ಹೆದರಿದ್ದಂತೆಯೇ, ಗಲ್ಲಾ ತಟ್ಟಿಕೊಂಡು ನಕ್ಕರು. ಒಬ್ಬ ಗಿರಾಕಿಯೂ ಜೊತೆಗೂಡಿದ. ಹಾಸಿಗೆಯಪ್ಪನವರು ನಿಂತು ಆ ನಗುವನ್ನು ಪೂರ್ತಿ ಕೇಳಿಸಿಕೊಂಡರು. ಅಷ್ಟರಲ್ಲಿ ಟೀ ಬಂತು. ಟೀ ಕುಡಿಯುವಾಗ ಮಾಲೀಕರಿಗೆ ಗೋದಾಮಿನ ಬೀಗದ ವಿಷಯ ನೆನಪಾಗಿ ಮಾತು ಆ ಕಡೆ ಹೊರಳಿತು. ವರ್ಷವಿಡೀ ಬಾಳುತ್ತದೆಂದು ತಿಳಿದಿದ್ದ ನಗು ಒಂದು ಲೋಟ ಟೀ ಮುಗಿಯುವ ತನಕವೂ ಬಾಳಲಿಲ್ಲ. ಇಷ್ಟಕ್ಕೆ ತಾನು ಕೊಟ್ಟ ಬೆಲೆ ಎಷ್ಟು ಎಂದು ಯೋಚಿಸುತ್ತಾ ಅವರು ಬ್ಯಾಂಕಿನ ಕಡೆ ನಡೆದರು.

ಹೆಂಡತಿ ಆಗಲೇ ಸಾಲಿನಲ್ಲಿದ್ದರು. ಗಂಡನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿದರು. ಜಾಮೀನಿನ ಸಹಿಗೆ ಬಂದಾಗ ಅಧಿಕಾರಿಣಿ, ಇವರಿಗೆ ನೀವು ಏನಾಗಬೇಕು ಎಂದು ಕೇಳಿದರು. ಅದು ಕೇಳಲೇಬೇಕಾದ ಪ್ರಶ್ನೆ. ಹಾಸಿಗೆಯಪ್ಪನವರು ಸಾಲಿನ ಕೊನೆಯವನಿಗೂ ಕೇಳುವ ಹಾಗೆ, ಗಂಡ ಎಂದರು.

"ಅಂಥಾ ಕೆಟ್ಟವರೇನಲ್ಲ ಅಂತ ನೀವೇ ಹೇಳಿದ್ರಿ," ಎಂದರು ಅಧಿಕಾರಿಣಿ, ಮುಖ ಎತ್ತದೆ.

ಹೆಂಡತಿ ಇಬ್ಬರನ್ನೂ ನೋಡಿದರು. ಇದೇನು ಕಥೆ ಎಂದು ಹೊರಗೆ ಬಂದ ಮೇಲೆ ಕೇಳಿದರು. ಹಾಸಿಗೆಯಪ್ಪನವರು ಆ ದಿನದ ಸಂಭಾಷಣೆಯನ್ನು ಒಂದು ಅಕ್ಷರ ಬಿಡದೆ ಒಪ್ಪಿಸಿದರು. 'ಸ್ವಲ್ಪ ಮುಗ್ಧ' ಎಂಬಲ್ಲಿಗೆ ಬಂದಾಗ ಆಕೆ ರಸ್ತೆ ಬದಿಯಲ್ಲಿ ನಿಂತುಬಿಟ್ಟರು. ನಗು ತಡೆಯಲು ನೋಡಿದರು, ಆಗಲಿಲ್ಲ. ಸ್ವಲ್ಪ ಅಲ್ಲ ಎಂದರು. ಎರಡು ದಿನದಲ್ಲಿ ಗೋಡೆಗಲ್ಲದೆ ಗಂಡನಿಗೆ ಆಡಿದ ಮೂರನೆಯ ಮಾತು ಅದು.

ತರಗತಿ ಶುರುವಾದ ಮೊದಲ ಸಂಜೆ ಹಾಸಿಗೆಯಪ್ಪನವರೂ ಜೊತೆಗೆ ಹೋದರು. ಹೆಂಡತಿ ಹುಡುಗ ಹುಡುಗಿಯರ ಗುಂಪಿನ ನಡುವೆ ಮೆಟ್ಟಿಲು ಹತ್ತಿ, ತಿರುಗಿ ನೋಡದೆ ಒಳಗೆ ಹೋದರು. ಗೇಟಿನ ಪಕ್ಕದ ಬೆಂಚಿನ ಮೇಲೆ ಮಗನನ್ನು ಬಿಡಲು ಬಂದ ತಂದೆಯೊಬ್ಬರು ಕೂತಿದ್ದರು. ಹಾಸಿಗೆಯಪ್ಪನವರು ಪಕ್ಕದಲ್ಲಿ ಕೂತರು. ಮಗಳಾ ಎಂದು ಆ ತಂದೆ ವಿಚಾರಿಸಿದರು.

"ಹೆಂಡತಿ," ಎಂದರು ಹಾಸಿಗೆಯಪ್ಪನವರು. ಎಡಗೈ ತೊಡೆಯ ಮೇಲೇ ಇತ್ತು. "ಸಮಾಜಶಾಸ್ತ್ರ. ಸ್ವಲ್ಪ ಸಾಲವೂ ಮಾಡಿದ್ದೀವಿ."

ಆ ತಂದೆ ತುಸು ಸರಿದು ಜಾಗ ಬಿಟ್ಟರು. ತಮ್ಮ ಮಗನಿಗೂ ಸಾಲವೇ, ಅವನ ಓದಿಗೆ ಮಾರುಕಟ್ಟೆ ಹೇಗಿದೆಯೋ ಎಂದು ತಿಂಗಳಿಂದ ಚಿಂತೆ ಎಂದರು. ಆಮೇಲೆ ಸಂಕೋಚದಿಂದಲೇ ಕೇಳಿದರು.

"ಇದನ್ನ ಓದಿದರೆ ಕೆಲಸ ಸಿಗುತ್ತಾ?"

"ಕೆಲಸ ಅವಳಿಗೆ ಆಗಲೇ ಇದೆ."

"ಮತ್ತೆ ಈ ಓದು ಯಾತಕ್ಕೆ?"

ಹಾಸಿಗೆಯಪ್ಪನವರು ಮೆಟ್ಟಿಲ ಕಡೆ ನೋಡಿದರು. ಮೇಲಿನ ಮಹಡಿಯಲ್ಲಿ ದೀಪಗಳು ಹತ್ತಿಕೊಂಡವು, ಕುರ್ಚಿ ಎಳೆಯುವ ಸದ್ದು ಕೇಳಿಸಿ ನಿಂತಿತು.

"ನಾವು ಮೊದಲು ಇದನ್ನೇ ಯಾಕೆ ಕೇಳ್ತೀವಿ ಅಂತ ತಿಳ್ಕೊಳ್ಳೋಕೆ ಇರಬಹುದು," ಎಂದರು. "ನನಗೂ ಸರಿಯಾಗಿ ಗೊತ್ತಿಲ್ಲ. ಇವತ್ತಿನ್ನೂ ಮೊದಲನೇ ಪಾಠ."

ಇಬ್ಬರೂ ಕತ್ತೆತ್ತಿ ದೀಪವಿದ್ದ ಕಿಟಕಿಯ ಕಡೆ ನೋಡುತ್ತಾ, ಗಂಟೆ ಹೊಡೆಯುವ ತನಕ ಅಲ್ಲೇ ಕೂತರು.